ಮುಳ್ಳು ಇಳಿಯಿತು, ಬಸ್ಸು ಹಿಂದಕ್ಕೆ ಬರಲಿಲ್ಲ!

2025ರ ಏಪ್ರಿಲ್ 7ನೇ ತಾರೀಖು ರಾಜಕೀಯ ಪಂಚಾಂಗದಲ್ಲಿ ಗುರುತು ಹಾಕಿಡಬೇಕಾದ ದಿನ. ಅಂದು ಮೈಸೂರಿನಲ್ಲಿ ಬಿಜೆಪಿ ಮುಖಂಡರು ರಾಜ್ಯ ಸರ್ಕಾರದ ಬೆಲೆ ಏರಿಕೆ ವಿರುದ್ಧ ‘ಜನಾಕ್ರೋಶ ಯಾತ್ರೆ’ ಹೊರಡಿಸಿದರು. ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತು, ಡೀಸೆಲ್ ತೆರಿಗೆ ಏರಿತು, ಬಸ್ ಟಿಕೆಟ್ ಏರಿತು ಎಂದು ಛೀಮಾರಿ ಹಾಕಿದರು. ಅದೇ ದಿನ ದೆಹಲಿಯಲ್ಲಿ ಅವರದೇ ಪಕ್ಷದ ನೇತೃತ್ವದ ಕೇಂದ್ರ ಸರ್ಕಾರ ಅಡುಗೆ ಅನಿಲದ ಸಿಲಿಂಡರಿಗೆ 50 ರೂಪಾಯಿ ಏರಿಸಿತು!

ಕಾಂಗ್ರೆಸ್‌ನವರಿಗೆ ಅಷ್ಟೇ ಸಾಕಾಯಿತು. ಅದೇ ತಿಂಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅವರದ್ದೂ ಪ್ರತಿಭಟನೆ. ಇವರು ಅವರ ಏರಿಕೆ ತೋರಿಸಿದರು, ಅವರು ಇವರ ಏರಿಕೆ ತೋರಿಸಿದರು. ಎರಡು ಏರಿಕೆಯೂ ನಿಜವೇ. ಎರಡಕ್ಕೂ ದುಡ್ಡು ಕೊಟ್ಟವನು ಮಾತ್ರ ಒಬ್ಬನೇ. ಮಂಡ್ಯದ ಬಸ್ ನಿಲ್ದಾಣದಲ್ಲಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಬೆಂಗಳೂರು ಬಸ್ಸಿಗೆ ಕಾಯುವ ಬಡಪಾಯಿ ಪ್ರಯಾಣಿಕ. ಅವನನ್ನು ಯಾವ ಯಾತ್ರೆಯವರೂ ವೇದಿಕೆಗೆ ಕರೆಯಲಿಲ್ಲ.

ಪುಢಾರಿಗಳ ಜಗಳ ಇವತ್ತಿನದಲ್ಲ, ಬಿಡಿ. ಆದರೆ ಈ ಜಗಳದ ಮಧ್ಯೆ ಟೀವಿ ಪಂಡಿತರು ಬಂದು ಕೂತರೆ ಇರುವ ಗೊಂದಲ ಎರಡರಷ್ಟಾಗುತ್ತದೆ. ಹಣದುಬ್ಬರ ಇಳಿಯಿತು ಎಂದು ಒಬ್ಬರು ಮೇಜು ಕುಟ್ಟುತ್ತಾರೆ. ಇಳಿದಿದ್ದರೆ ಅಂಗಡಿಯಲ್ಲಿ ಯಾಕೆ ಕಾಣೋದಿಲ್ಲ ಎಂದು ಇನ್ನೊಬ್ಬರು ಅರಚುತ್ತಾರೆ. ಮಾರನೆಯ ಬೆಳಿಗ್ಗೆ ಆ ಜಗಳ ಪೇಟೆ ಬೀದಿಗೆ ಬಂದು ನಿಲ್ಲುತ್ತದೆ.

“ಅಣ್ಣಾ, ರೇಟು ಇಳೀತು ಅಂತ ಟೀವೀಲಿ ಬಂತಲ್ಲ, ಒಂದೆರಡು ರೂಪಾಯಾದ್ರೂ ಬಿಡಿ.”

“ಅಂಗಾದ್ರೆ ಟೀವಿಯೋರ ತಾವೇ ತಕೊಳಪ್ಪ ಸಾಮಾನ.”

ಗಿರಾಕಿಯೂ ಸುಳ್ಳು ಹೇಳುತ್ತಿಲ್ಲ, ಅಂಗಡಿಯವನೂ ಹೇಳುತ್ತಿಲ್ಲ. ಇಬ್ಬರಿಗೂ ಅರ್ಧ ಮಾತು ಮಾತ್ರ ಮುಟ್ಟಿದೆ. ಉಳಿದ ಅರ್ಧ ಮಾತು ಗೊತ್ತಾಗಬೇಕಾದರೆ ದಿನಾ ಕೂರುವ ಬಸ್ಸನ್ನೇ ನೋಡಿದರೆ ಸಾಕು.

ಮುಳ್ಳಿನ ಲೆಕ್ಕ

ಮಂಡ್ಯದಿಂದ ಬೆಂಗಳೂರಿಗೆ ಬಸ್ಸು ಹೊರಟಿತು. ಡ್ರೈವರ್ ಮುಂದಿನ ಮೀಟರಿನ ಮುಳ್ಳು 80ರಲ್ಲಿದೆ. ಮದ್ದೂರು ದಾಟಿದ ಮೇಲೆ ಮುಳ್ಳು 20ಕ್ಕೆ ಇಳಿಯಿತು ಅನ್ನಿ. ಬಸ್ಸು ವಾಪಸ್ ಮಂಡ್ಯಕ್ಕೆ ಬಂದ ಹಾಗಾಯಿತೇ? ಇಲ್ಲ. ಇನ್ನೂ ಬೆಂಗಳೂರಿನ ಕಡೆಗೇ ಹೋಗುತ್ತಿದೆ, ನಿಧಾನವಾಗಿ ಅಷ್ಟೆ. ದಾಟಿದ ಮೈಲಿಕಲ್ಲು ದಾಟಿದ್ದೇ.

ಹಣದುಬ್ಬರ ಅಂದರೆ ಆ ಮುಳ್ಳು. ಬೆಲೆ ಅಂದರೆ ದಾಟಿದ ಮೈಲಿಕಲ್ಲು. 100 ರೂಪಾಯಿಯ ಸಾಮಾನು ಮೊದಲ ವರ್ಷ ಶೇ. 8 ಏರಿದರೆ 108 ರೂಪಾಯಿ. ಮರುವರ್ಷ ಏರಿಕೆ ಶೇ. 5ಕ್ಕೆ ಇಳಿದರೆ 113 ರೂಪಾಯಿ 40 ಪೈಸೆ. ಮೂರನೆಯ ವರ್ಷ ಶೇ. 2ಕ್ಕೆ ಇಳಿದರೆ 115 ರೂಪಾಯಿ 67 ಪೈಸೆ. ಪಂಡಿತರು 8ರಿಂದ 2ಕ್ಕೆ ಇಳಿದಿದ್ದನ್ನು ತೋರಿಸಿ ಹಾರ ಹಾಕಿಸಿಕೊಳ್ಳುತ್ತಾರೆ. ಎದುರು ಕೂತವರು 100ರಿಂದ 115ಕ್ಕೆ ಏರಿದ್ದನ್ನು ತೋರಿಸಿ ಧಿಕ್ಕಾರ ಕೂಗುತ್ತಾರೆ. ಒಂದೇ ಲೆಕ್ಕದ ಎರಡು ತುದಿ ಹಿಡಿದುಕೊಂಡು ಗಂಟೆಗಟ್ಟಲೆ ಜಗ್ಗಾಟ. ಎರಡೂ ತುದಿಯನ್ನು ಜೋಡಿಸಿ ಹೇಳಿದರೆ ಕಾರ್ಯಕ್ರಮ ಐದು ನಿಮಿಷಕ್ಕೆ ಮುಗಿದುಹೋಗುತ್ತದೆ. ಜಾಹೀರಾತು ಎಲ್ಲಿ ಹಾಕೋದು?

ದೇಶದ ಲೆಕ್ಕವನ್ನೇ ನೋಡಿ. 2022ರ ಏಪ್ರಿಲ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ. 7.79 ಇತ್ತು. 2025ರ ಅಕ್ಟೋಬರ್‌ನಲ್ಲಿ ಶೇ. 0.25ಕ್ಕೆ ಇಳಿಯಿತು. ಅಂದರೆ ಮುಳ್ಳು ಹೆಚ್ಚುಕಮ್ಮಿ ಸೊನ್ನೆ. ಆದರೆ ಆ ಅಕ್ಟೋಬರ್‌ಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಕರ್ನಾಟಕದ ಮನೆಯೊಂದಕ್ಕೆ ಬಂದದ್ದೇನು? ಜನವರಿ 5ರಿಂದ ಸರ್ಕಾರಿ ಬಸ್ ಟಿಕೆಟ್ ಶೇ. 15 ಹೆಚ್ಚು. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಹೆಚ್ಚು, ಡೀಸೆಲ್ 2 ರೂಪಾಯಿ ಹೆಚ್ಚು. ಅದರ ಹಿಂದೆಯೇ ಸಿಲಿಂಡರ್ 50 ರೂಪಾಯಿ ಹೆಚ್ಚು. ಇಷ್ಟೆಲ್ಲ ಏರಿದ ವರ್ಷದ ಕೊನೆಗೆ ಬಂದ ಅಂಕಿ ಶೇ. 0.25!

ಹಾಗಾದರೆ ಅಂಕಿ ಸುಳ್ಳೇ? ಅಲ್ಲ. ಆ ಲೆಕ್ಕದ ಬುಟ್ಟಿಯಲ್ಲಿ ಆಗ ಊಟ ತಿಂಡಿಯ ಪಾಲು ನೂರರಲ್ಲಿ 46ರ ಹತ್ತಿರ ಇತ್ತು. ಸಾರಿಗೆ ಮತ್ತು ಸಂಪರ್ಕ ಎರಡೂ ಸೇರಿ 9ರ ಒಳಗಿತ್ತು. 2024ರ ಅಕ್ಟೋಬರ್‌ನಲ್ಲಿ ತರಕಾರಿ ಮುಗಿಲು ಮುಟ್ಟಿತ್ತು, 2025ರ ಅಕ್ಟೋಬರ್‌ನಲ್ಲಿ ನೆಲಕ್ಕೆ ಬಿತ್ತು. ಆಹಾರದ ಬೆಲೆ ವರ್ಷದಲ್ಲಿ ಶೇ. 5ರಷ್ಟು ಕುಸಿಯಿತು. ಸೆಪ್ಟೆಂಬರ್ 22ರಿಂದ ಸೋಪು, ಪೇಸ್ಟು, ಬಿಸ್ಕತ್ತಿನ ಜಿಎಸ್‌ಟಿ ಶೇ. 5ಕ್ಕೆ ಇಳಿದದ್ದೂ ಸೇರಿಕೊಂಡಿತು. ದೊಡ್ಡ ತಕ್ಕಡಿಯಲ್ಲಿ ತರಕಾರಿ ಇಳಿದ ಭಾರಕ್ಕೆ ಬಸ್ಸು, ಹಾಲು, ಗ್ಯಾಸು ಏರಿದ್ದು ಕಾಣಲೇ ಇಲ್ಲ. ಆದರೆ ದಿನಾ ಎರಡು ಟಿಕೆಟ್ ಹರಿಸುವವನ ಬುಟ್ಟಿ ಬೇರೆ. ಅವನ ಬುಟ್ಟಿಯಲ್ಲಿ ಬಸ್ಸೇ ಭಾರ.

ಇನ್ನೊಂದು ಮಾತು. ತರಕಾರಿ ನೆಲಕ್ಕೆ ಬಿದ್ದಾಗ ಪಂಡಿತರು ಚಪ್ಪಾಳೆ ತಟ್ಟಿದರಲ್ಲ, ಆಗ ಟೊಮೆಟೊ ಬೆಳೆದ ರೈತನ ಗತಿ ಏನು? ಹಾಲಿಗೆ 4 ರೂಪಾಯಿ ಏರಿತು ಎಂದು ಪೇಟೆಯವರು ಗೊಣಗಿದಾಗ, ಆ ದುಡ್ಡು ಹಾಲು ಹಾಕುವವರಿಗೇ ಹೋಗುತ್ತದೆ ಎಂದು ಸರ್ಕಾರ ಹೇಳಿತು. ಗೆಜ್ಜಲಗೆರೆ ಡೇರಿಗೆ ಹಾಲು ಹೋಗುವ ಈ ಜಿಲ್ಲೆಯಲ್ಲಿ ಒಂದೇ ಮನೆಯಲ್ಲಿ ಅಪ್ಪ ಹಾಲು ಮಾರುತ್ತಾನೆ, ಪೇಟೆ ಸೇರಿದ ಮಗ ಪ್ಯಾಕೆಟ್ ಕೊಳ್ಳುತ್ತಾನೆ. ಅಪ್ಪನಿಗೆ ಏರಿದರೆ ಸಂತೋಷ, ಮಗನಿಗೆ ಏರಿದರೆ ಸಂಕಟ. ಬೆಲೆ ಏರಲೇಬಾರದು ಎಂದು ಮೈಕು ಹಿಡಿದು ಕೂಗುವ ಯಾರೇ ಆಗಲಿ, ಅಪ್ಪನ ಮುಖ ನೋಡಿ ಆ ಮಾತು ಹೇಳಲಿ.

ಅದಕ್ಕೇ 2016ರಲ್ಲಿ ರಿಸರ್ವ್ ಬ್ಯಾಂಕಿಗೆ ಗುರಿ ಗೊತ್ತು ಮಾಡುವಾಗ ಸೊನ್ನೆ ಎಂದು ಬರೆಯಲಿಲ್ಲ. ಶೇ. 4 ಗುರಿ, 2ಕ್ಕಿಂತ ಕೆಳಗೂ ಬೇಡ, 6ಕ್ಕಿಂತ ಮೇಲೂ ಬೇಡ ಎಂದು ಬರೆದರು. ಸುರಕ್ಷಿತ ವೇಗ ಅಂದರೆ ನಿಂತ ಬಸ್ಸಲ್ಲ. ನಿಂತ ಬಸ್ಸು ಯಾರನ್ನೂ ಊರು ಮುಟ್ಟಿಸೋದಿಲ್ಲ.

ಹೆದ್ದಾರಿ ಕಲಿಸಿದ ಪಾಠ

ಇದೇ ಪಂಡಿತರನ್ನು 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ವಿಚಾರದಲ್ಲೂ ಜನ ನೋಡಿದ್ದಾರೆ. ಮಾರ್ಚ್ 12ರಂದು ಪ್ರಧಾನಿ ಮೋದಿ ಮಂಡ್ಯ ಜಿಲ್ಲೆಗೆ ಬಂದು 118 ಕಿಲೋಮೀಟರಿನ ರಸ್ತೆ ಉದ್ಘಾಟಿಸಿದರು. ಅದಕ್ಕೂ ಮುಂಚಿನಿಂದಲೇ ‘ರಸ್ತೆ ಮಾಡಿಸಿದ್ದು ನಾವು’ ಎಂದು ಪಕ್ಷಗಳ ನಡುವೆ ಕಿತ್ತಾಟ. ಮಾಡಿಸಿದ್ದು ಯಾರು ಎಂಬುದು ತೀರ್ಮಾನವಾಗುವ ಮೊದಲೇ ಹೆಣ ಬೀಳತೊಡಗಿದವು. ಪೊಲೀಸ್ ಲೆಕ್ಕದಲ್ಲಿ ಆ ಮೇ ತಿಂಗಳು 29 ಸಾವು, ಜೂನ್ ತಿಂಗಳು 28.

ಸಾವಿನ ಮೇಲೂ ವಾದ. ರಸ್ತೆಯ ವಿನ್ಯಾಸವೇ ಸರಿಯಿಲ್ಲ ಅಂದರು ಒಬ್ಬರು. ಜನಕ್ಕೆ ಓಡಿಸೋಕೆ ಬರೋದಿಲ್ಲ ಅಂದರು ಇನ್ನೊಬ್ಬರು. ಒಳ್ಳೆ ರಸ್ತೆ ಕೊಟ್ಟು ನಿಧಾನ ಹೋಗಿ ಅಂದರೆ ಏನರ್ಥ ಎಂದು ಕೇಳಿದವರೂ ಉಂಟು. ಹೆದ್ದಾರಿ ಪ್ರಾಧಿಕಾರ ತಜ್ಞರ ತಂಡ ಕಳಿಸಿತು.

ವಾದ ಮುಗಿಯಲಿ ಅಂತ ಪೊಲೀಸರು ಕಾಯಲಿಲ್ಲ, ಅದೇ ಪುಣ್ಯ. ಜುಲೈನಲ್ಲಿ 100 ಕಿಲೋಮೀಟರ್ ಮಿತಿ ಎಂದು ಹೇಳಿ ವೇಗ ಅಳೆಯುವ ಯಂತ್ರ ಹಿಡಿದು ರಸ್ತೆಗಿಳಿದರು. ಮೀರಿದವರಿಗೆ ದಂಡ ಹಾಕಿದರು. ಆ ತಿಂಗಳ ಸಾವು 8. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆ ಬಂದ್ ಮಾಡಿ ಸರ್ವಿಸ್ ರಸ್ತೆಗೆ ಕಳಿಸಿದರು. 2024ರ ಜುಲೈ ಹೊತ್ತಿಗೆ ನಂಬರ್ ಪ್ಲೇಟು ಓದುವ ಕ್ಯಾಮೆರಾಗಳು ಬಂದವು. ಆ ಆಗಸ್ಟ್‌ನಿಂದ 130 ದಾಟಿದವರ ಮೇಲೆ ದಂಡವಷ್ಟೇ ಅಲ್ಲ, ಕೇಸು ಎಂದು ರಾಜ್ಯಕ್ಕೆಲ್ಲ ಸಾರಿದರು.

28 ಇದ್ದದ್ದು 8ಕ್ಕೆ ಇಳಿದದ್ದು ಯಾರ ಭಾಷಣದಿಂದಲೂ ಅಲ್ಲ. ಒಂದು ಅಂಕಿಯನ್ನು ಬೋರ್ಡಿನ ಮೇಲೆ ಬರೆದರು, ಅದನ್ನು ಅಳೆದರು, ಮೀರಿದವನು ಶಾಸಕನ ಭಾವಮೈದನೋ ಕೂಲಿಯವನ ಮಗನೋ ಎಂದು ಯಂತ್ರ ಕೇಳಲಿಲ್ಲ. ಇಷ್ಟರಿಂದ ಆದ ಕೆಲಸ ಅದು.

ವೇಗದ ಲೆಕ್ಕವೂ ಬೆಲೆಯ ಲೆಕ್ಕದ ಹಾಗೆಯೇ ಸರಳ. 118 ಕಿಲೋಮೀಟರನ್ನು 100ರ ವೇಗದಲ್ಲಿ ಹೋದರೆ 71 ನಿಮಿಷ. 120ರಲ್ಲಿ ಹೋದರೆ 59 ನಿಮಿಷ. ಉಳಿದದ್ದು 12 ನಿಮಿಷ, ಒಂದು ಕಾಫಿ ಕುಡಿಯುವ ಹೊತ್ತು. ಅದಕ್ಕೆ ಕೊಡುವ ಬೆಲೆ ಏನು? ಒಣ ರಸ್ತೆ, ಒಳ್ಳೆ ಬ್ರೇಕು ಇದ್ದರೂ 100ರಲ್ಲಿ ಹೋಗುವ ಕಾರು ಡ್ರೈವರ್ ಅಪಾಯ ಕಂಡ ಮೇಲೆ ನಿಲ್ಲಲು ಸುಮಾರು 80 ಮೀಟರ್ ಬೇಕು. 120ರಲ್ಲಿ 110 ಮೀಟರ್. ವೇಗ ಐದನೇ ಒಂದು ಭಾಗ ಹೆಚ್ಚಿದರೆ ಡಿಕ್ಕಿಯ ಹೊಡೆತ ಶೇ. 44 ಹೆಚ್ಚುತ್ತದೆ. ಡೀಸೆಲ್ಲೂ ಹೆಚ್ಚು ಕುಡಿಯುತ್ತದೆ. ಲಾರಿಗಳಿಗೆ 80ರ ಮಿತಿ ಇಟ್ಟಿರುವುದು ಸುಮ್ಮನಲ್ಲ. ಲಾರಿ ಸುಟ್ಟ ಡೀಸೆಲ್ಲು ಕೊನೆಗೆ ಅಂಗಡಿಯ ಬೇಳೆಯ ಬೆಲೆಯಲ್ಲಿ ಬಂದು ಕೂರುತ್ತದೆ.

ಬೆಲೆಗೂ ವೇಗಕ್ಕೂ ಇರುವ ಈ ನಂಟು ಹಳೆಯದು. 1973ರ ಕೊನೆಯಲ್ಲಿ ಅರಬ್ ದೇಶಗಳು ತೈಲದ ಬೆಲೆ ನಾಲ್ಕು ಪಟ್ಟು ಮಾಡಿದಾಗ ಭಾರತದಲ್ಲಿ 1974–75ರ ಸಗಟು ಬೆಲೆ ಏರಿಕೆ ಶೇ. 25ರ ಸುಮಾರಿಗೆ ಹೋಯಿತು. ಅಮೆರಿಕದ ಅಧ್ಯಕ್ಷ ನಿಕ್ಸನ್ 1974ರ ಜನವರಿಯಲ್ಲಿ ಇಡೀ ದೇಶಕ್ಕೆ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್ ಮಿತಿ ಹಾಕಿದರು. ಉದ್ದೇಶ ಪೆಟ್ರೋಲ್ ಉಳಿಸುವುದಿತ್ತು, ಉಳಿದದ್ದು ಜೀವವೂ ಹೌದು. ಅಲ್ಲಿ ರಸ್ತೆ ಸಾವು ಒಂದೇ ವರ್ಷದಲ್ಲಿ 54 ಸಾವಿರದಿಂದ 45 ಸಾವಿರಕ್ಕೆ ಇಳಿಯಿತು. ವೇಗ ತಗ್ಗಿದ್ದಕ್ಕೋ, ಪೆಟ್ರೋಲ್ ಸಿಗದೆ ಜನ ಓಡಾಟ ಕಡಿಮೆ ಮಾಡಿದ್ದಕ್ಕೋ ಎಂದು ಅಲ್ಲಿನ ಪಂಡಿತರು ವರ್ಷಗಟ್ಟಲೆ ಕಾದಾಡಿದರು. 1995ರಲ್ಲಿ ಕಾನೂನೇ ರದ್ದಾಯಿತು. ಪಂಡಿತರ ವಿಷಯದಲ್ಲಿ ಅಮೆರಿಕಕ್ಕೂ ಮಂಡ್ಯಕ್ಕೂ ವ್ಯತ್ಯಾಸ ಏನೂ ಇಲ್ಲ.

ಬಸ್ ದರಕ್ಕೆ ಬೋರ್ಡ್ ಯಾಕಿಲ್ಲ?

ಹೆದ್ದಾರಿಯಲ್ಲಿ ಮಾಡಿದ ಕೆಲಸವನ್ನು ಸರ್ಕಾರ ತಾನೇ ಗೊತ್ತುಮಾಡುವ ಬೆಲೆಗಳಲ್ಲಿ ಯಾಕೆ ಮಾಡೋದಿಲ್ಲ? ಪ್ರಶ್ನೆ ಇರುವುದು ಇಲ್ಲಿ.

ಟೊಮೆಟೊ ಬೆಲೆ ಮಳೆಯ ಕೈಲಿದೆ, ತೈಲದ ಬೆಲೆ ಹೊರದೇಶದ ಕೈಲಿದೆ. ಬಸ್ ಟಿಕೆಟ್ ಮಾತ್ರ ವಿಧಾನಸೌಧದ ಕೈಲಿದೆ. ಕೆಎಸ್‌ಆರ್‌ಟಿಸಿ ಟಿಕೆಟ್ 2020ರ ಫೆಬ್ರವರಿಯಲ್ಲಿ ಶೇ. 12 ಏರಿತು. ಆಮೇಲೆ ಐದು ವರ್ಷ ಸದ್ದಿಲ್ಲ. ನಡುವೆ ಡೀಸೆಲ್ ಏರಿತು, ಟೋಲ್ ಬಂತು, ಚುನಾವಣೆಯೂ ಬಂದು ಹೋಯಿತು. ಏರಿಸಿದರೆ ಓಟು ಹೋದೀತು ಎಂದು ಆಳಿದವರೆಲ್ಲ ಕೈಕಟ್ಟಿ ಕೂತರು. 2025ರ ಜನವರಿ 2ರಂದು ಸಂಪುಟ ಸಭೆ ತೀರ್ಮಾನಿಸಿತು, 5ರಿಂದ ಶೇ. 15 ಏರಿಕೆ ಜಾರಿ. ಮೂರು ದಿನದ ನೋಟೀಸು!

ಇದು ಐದು ವರ್ಷ ಕಣ್ಣು ಮುಚ್ಚಿ ಓಡಿಸಿ ಗೋಡೆ ಕಂಡಾಗ ಬ್ರೇಕು ತುಳಿದ ಹಾಗೆ. ಸೀಟಿನಲ್ಲಿ ಕೂತವರ ಹಣೆ ಮುಂದಿನ ಕಂಬಿಗೆ ಬಡಿಯದೆ ಇನ್ನೇನಾಗುತ್ತದೆ? ಅದೇ ಶೇ. 15ನ್ನು ಐದು ವರ್ಷಕ್ಕೆ ಹಂಚಿದ್ದರೆ ವರ್ಷಕ್ಕೆ ಶೇ. 3ರ ಒಳಗೇ ಮುಗಿಯುತ್ತಿತ್ತು. ಸಂಬಳದವನು ಅದನ್ನು ಹೇಗೋ ಸರಿದೂಗಿಸಿಕೊಳ್ಳುತ್ತಿದ್ದ.

ಟಿಕೆಟ್ ಏರದ ವರ್ಷಗಳಲ್ಲಿ ಖರ್ಚು ಮಾಯವಾಗಿತ್ತು ಎಂದುಕೊಂಡರೆ ಅದೂ ತಪ್ಪು. ಅದರ ಒಂದು ಪಾಲು ಡ್ರೈವರ್, ಕಂಡಕ್ಟರ್‌ಗಳ ತಲೆಯ ಮೇಲೆ ಕೂತಿತ್ತು. 38 ತಿಂಗಳ ವೇತನ ಬಾಕಿ ಕೊಡಿ ಎಂದು 2025ರ ಆಗಸ್ಟ್ 5ರಂದು ಸಾರಿಗೆ ನೌಕರರು ಬಸ್ಸು ನಿಲ್ಲಿಸಿದ್ದು ನೆನಪಿದೆಯಲ್ಲ? ಬೆಲೆ ಅಂದರೆ ನೀರಿದ್ದ ಹಾಗೆ. ಒಂದು ಕಡೆ ಕಟ್ಟೆ ಹಾಕಿದರೆ ಇನ್ನೊಂದು ಕಡೆ ಒಸರುತ್ತದೆ.

ಮಹಿಳೆಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ಅದರಿಂದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳ ಕೈಲಿ ತಿಂಗಳಿಗೆ ನಾಲ್ಕು ಕಾಸು ಉಳಿದಿದೆ, ಅದು ಒಳ್ಳೆಯದೇ. ಆದರೆ ಅದೇ ಬಸ್ಸಿನ ಗಂಡಸು ಕೊಟ್ಟ ಶೇ. 15ರಲ್ಲಿ ಡೀಸೆಲ್ಲಿಗೆಷ್ಟು, ಸಂಬಳಕ್ಕೆಷ್ಟು, ಹಳೆ ಸಾಲಕ್ಕೆಷ್ಟು ಎಂದು ಯಾವ ಬಸ್ ನಿಲ್ದಾಣದ ಗೋಡೆಯ ಮೇಲೂ ಬರೆದು ಹಾಕಲಿಲ್ಲ. ಬರೆಯದೆ ಬಿಟ್ಟ ಜಾಗದಲ್ಲಿ ಪುಢಾರಿಗಳು ತಮಗೆ ಬೇಕಾದ್ದು ಬರೆದುಕೊಂಡರು. ಗಂಡನ ಜೇಬಿನಿಂದ ತೆಗೆದು ಹೆಂಡತಿಗೆ ಕೊಟ್ಟರು ಎಂದು ಒಂದು ಕಡೆಯವರು, ಹಿಂದಿನವರ ಸಾಲ ತೀರಿಸುತ್ತಿದ್ದೇವೆ ಎಂದು ಇನ್ನೊಂದು ಕಡೆಯವರು.

ಕರೆಂಟಿನಲ್ಲಿ ಹೀಗಿಲ್ಲ. ಸೆಸ್ಕ್ ದರ ಏರಿಸಬೇಕಾದರೆ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಲೆಕ್ಕ ಇಡಬೇಕು. ಸಾರ್ವಜನಿಕರು ಆಕ್ಷೇಪಣೆ ಹಾಕಬಹುದು, ವಿಚಾರಣೆ ನಡೆಯುತ್ತದೆ. ಆಯೋಗ ಎಲ್ಲವನ್ನೂ ಸರಿಯಾಗಿಯೇ ಮಾಡುತ್ತದೆ ಎಂದೇನಲ್ಲ, ಕೇಳಲು ಒಂದು ಬಾಗಿಲಾದರೂ ಇದೆ. ಟೋಲಿಗೂ 2008ರ ನಿಯಮ ಇದೆ. ಮೂಲ ದರದ ಮೇಲೆ ವರ್ಷಕ್ಕೆ ಶೇ. 3, ಜೊತೆಗೆ ಸಗಟು ಬೆಲೆ ಏರಿಕೆಯ ಶೇ. 40. ಗಣಂಗೂರು ಟೋಲಿನಲ್ಲಿ ದುಡ್ಡು ಕಟ್ಟುವವನಿಗೆ ಅದು ಸಿಹಿಯಲ್ಲ, ಆದರೆ ಯಾವ ಲೆಕ್ಕದಲ್ಲಿ ಕಿತ್ತುಕೊಂಡರು ಎಂದಾದರೂ ಗೊತ್ತಾಗುತ್ತದೆ. ಬಸ್ಸಿನವನಿಗೆ ಅಷ್ಟೂ ಬೇಡವೇ?

ಆದ್ದರಿಂದ ಆಗಬೇಕಾದದ್ದು ಇಷ್ಟು. ಬಸ್ ದರಕ್ಕೆ ಒಂದು ನಿಯಮ ಬರಲಿ. ವರ್ಷಕ್ಕೊಮ್ಮೆ ಗೊತ್ತಾದ ತಾರೀಖಿಗೆ ಲೆಕ್ಕ ನೋಡಲಿ, ಅದಕ್ಕೊಂದು ಮೇಲ್ಮಿತಿ ಇರಲಿ. ಡೀಸೆಲ್ ಇಳಿದ ವರ್ಷ ಟಿಕೆಟ್ಟೂ ಇಳಿಯಲಿ. ಹಳೆ ದರ, ಹೊಸ ದರ, ಕಾರಣ ಮೂರನ್ನೂ ಪ್ರತಿ ತಾಲ್ಲೂಕಿನ ಬಸ್ ನಿಲ್ದಾಣದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಹಾಕಲಿ. ವರ್ಷವರ್ಷವೂ ಏರಿಸಿದರೆ ಬೈಸಿಕೊಳ್ಳುವುದೂ ವರ್ಷವರ್ಷ ಆಗುತ್ತದಲ್ಲ ಎಂದು ರಾಜಕಾರಣಿಗಳಿಗೆ ಅಳುಕು. ಇರಲಿ, ಬೈಸಿಕೊಳ್ಳಲಿ. ಸಣ್ಣ ಬೈಗುಳ ಐದು ಸಲ ತಿನ್ನುವುದು ಐದು ವರ್ಷದ ಭಾರವನ್ನು ಒಂದೇ ದಿನ ಬಡವನ ತಲೆ ಮೇಲೆ ಹಾಕುವುದಕ್ಕಿಂತ ಮೇಲು.

ಅಂಗಡಿಯವರಿಗೂ ಪ್ರಯಾಣಿಕರಿಗೂ ಒಂದು ಮಾತು ಇದ್ದೇ ಇದೆ. ಹಾಲು ಏರಿದ ಬೆಳಿಗ್ಗೆಯೇ ಕಾಫಿಗೆ ಹೊಸ ರೇಟಿನ ಚೀಟಿ ಅಂಟುತ್ತದೆ. ಜಿಎಸ್‌ಟಿ ಇಳಿದಾಗ ಮಾತ್ರ “ಇದು ಹಳೇ ಸ್ಟಾಕು ಕಣಣ್ಣ” ಅನ್ನುವ ಉತ್ತರ ವಾರಗಟ್ಟಲೆ ಬರುತ್ತದೆ. ಏರುವಾಗ ಲಿಫ್ಟು, ಇಳಿಯುವಾಗ ಮೆಟ್ಟಿಲು! ಇನ್ನು ಪ್ರಯಾಣಿಕರು. ಹೆದ್ದಾರಿ ಸಾವಿನ ಸುದ್ದಿ ಓದಿ ಲೊಚಗುಟ್ಟಿದವರೇ ಸೀಟಿನಿಂದ “ಸ್ವಲ್ಪ ಎಳೀರಿ ಡ್ರೈವರಣ್ಣ, ಟೈಮಾಯ್ತು” ಅನ್ನುತ್ತಾರೆ. ಮಿತಿ ಬೇರೆಯವರಿಗಿರಲಿ, ನನಗೆ ಬೇಡ ಎಂಬ ಚಾಳಿ ವಿಧಾನಸೌಧದಲ್ಲಷ್ಟೇ ಇರೋದಲ್ಲ.

ಮತ್ತೆ ಚುನಾವಣೆ ಬರುತ್ತದೆ, ಮತ್ತೆ ಮೈಕು ಕಟ್ಟಿದ ಜೀಪು ಓಣಿಗೆ ಬರುತ್ತದೆ. ಬೆಲೆ ಏರಿತು ಎಂದು ಒಂದು, ಬೆಲೆ ಇಳಿಯಿತು ಎಂದು ಇನ್ನೊಂದು. ಆಗ ಜೀಪು ನಿಲ್ಲಿಸಿ ಮೂರು ಪ್ರಶ್ನೆ ಕೇಳಬೇಕು. ಯಾವ ತಾರೀಖಿನಿಂದ ಯಾವ ತಾರೀಖಿನ ತನಕದ ಲೆಕ್ಕ ಇದು? ಇಳಿದದ್ದು ಬೆಲೆಯೋ, ಏರಿಕೆಯ ವೇಗವೋ? ಅದರಲ್ಲಿ ನಿಮ್ಮ ಸರ್ಕಾರದ ಕೈಲಿದ್ದ ಬೆಲೆ ಎಷ್ಟು? ಮೂರಕ್ಕೂ ನೆಟ್ಟಗೆ ಉತ್ತರ ಕೊಟ್ಟವನು ಯಾವ ಪಕ್ಷದವನಾದರೂ ಸರಿ, ಕೂರಿಸಿ ಒಂದು ಲೋಟ ಕಾಫಿ ಕೊಡಬಹುದು. ಹೊಸ ರೇಟಿನ ಕಾಫಿಯೇ.